ದುರುಗಮ್ಮಕ್ಕನ ಎಂತ್ರಾರಿ

ಸ್ಪೇನಿನವರು ಬಂದರೆಂದರೆ ದುರುಗಮ್ಮಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಕರೆಯುತ್ತಿದ್ದಳು: "ಎಂತ್ರಾರಿ, ಎಂತ್ರಾರಿ." ಒಳಗೆ ಬನ್ನಿ ಎಂದರ್ಥ. ಪ್ರವಾಸಿಗರು ಬಂದು ತಂಗುವ ವಿರೂಪಾಪುರಗಡ್ಡೆಯಲ್ಲಿ, ಗದ್ದೆಯ ಬದುವಿಗೆ ಹತ್ತಿದ ಅವಳ ತಗಡಿನ ಹೋಟೆಲಿನಲ್ಲಿ ನಾನು ತಾಟು ತೊಳೆಯುತ್ತಿದ್ದೆ. ಶಾಲೆಯ ಮುಖ ನೋಡದವಳು ಪರದೇಶದವರಿಗೆ ಅವರ ಭಾಷೆಯಲ್ಲೇ ಅಪ್ಪಣೆ ಕೊಡುವುದನ್ನು ಕಂಡು ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಕಲಿಸಿದವಳು ಮಾರ್ತಾ. ವರ್ಷವೂ ಬಂದು ಅಷ್ಟಿಷ್ಟು ಕನ್ನಡ ಕಲಿತಿದ್ದ ಗಿರಾಕಿ. ಮಾತಾಡುವುದಕ್ಕೆ 'ಆಬ್ಲಾರ್' ಅನ್ನುತ್ತಾರಂತೆ. ಕೊನೆಯ 'ರ್' ಬಿಟ್ಟು 'ಆಬ್ಲಾ' ಎಂದರೆ 'ಮಾತಾಡು'. ದೊಡ್ಡವರಿಗಾದರೆ 'ಆಬ್ಲೆ' ಅನ್ನಬೇಕು. ದುರುಗಮ್ಮಕ್ಕ ಅದನ್ನು ಮಾತ್ರ ಒಪ್ಪಲಿಲ್ಲ.

"ದೊಡ್ಡವರು ಬಂದ್ರಂತ ಮಾತ್ಯಾಕ ತಿರುವಬೇಕವ್ವ? ನಮ್ಮ 'ರಿ' ಹಚ್ಚಿದ್ರ ಮುಗೀತು."

ಅಂದಿನಿಂದ ಬರ್ರಿ ಎನ್ನಲು ಎಂತ್ರಾರಿ, ತಡೀರಿ ಎನ್ನಲು ಎಸ್ಪೆರಾರಿ, ತಗೋರಿ ಎನ್ನಲು ತೋಮಾರಿ. ಮಾರ್ತಾ ತಿದ್ದಿ ತಿದ್ದಿ ಸೋತು, ಕಡೆಗೆ ತಾನೇ ನನಗೆ ತಾಟು ಚಾಚಿ "ತೋಮಾರಿ" ಎನ್ನತೊಡಗಿದಳು.

ಆಮೇಲೆ ಗಡ್ಡೆಯ ಹೋಟೆಲುಗಳನ್ನೆಲ್ಲ ತೆಗೆಯಬೇಕೆಂದು ಕೋರ್ಟಿನ ಆದೇಶವಾಯಿತು. ಜೆಸಿಬಿ ಅಡುಗೆಮನೆಯ ಕಡೆ ತಿರುಗಿದಾಗ ಅವಳು ಎದುರಿಗೆ ನಿಂತು ಎರಡೂ ಕೈ ಎತ್ತಿದಳು. "ಎಸ್ಪೆರಾರಿ, ಎಸ್ಪೆರಾರಿ." ಆ ಹೊತ್ತಿಗೆ ಕನ್ನಡವೇ ಅವಳ ಬಾಯಿಗೆ ಬರಲಿಲ್ಲ.

"ಏನಂತಾಳ್ರಿ ಈಕಿ?" ಡ್ರೈವರ್ ನನ್ನನ್ನು ಕೇಳಿದ.

"ತಡೀರಿ ಅಂತಾಳ."

"ನನ್ನ ಕೈಯಾಗೇನೈತ್ರಿ? ಸರಸ್ರಿ ಆಕಿನ್ನ."

ನಾನೇ ಅವಳ ರಟ್ಟೆ ಹಿಡಿದು ಈಚೆಗೆ ಎಳೆದೆ. ಅವಳು ಕೈಯಾರೆ ಹೂಡಿದ ಒಲೆ ಕಣ್ಣೆದುರಿಗೇ ಮಣ್ಣಾಯಿತು.

"ಒಂದು ಒಲಿ ಹೂಡುವಷ್ಟು ಜಾಗ ಸಿಕ್ರ ಸಾಕು ತಂಗಿ" ಎನ್ನುತ್ತ ಆನೆಗೊಂದಿ, ಗಂಗಾವತಿ ಎಲ್ಲ ಅಲೆದಳು. ಎಲ್ಲೂ ಸಿಗಲಿಲ್ಲ. ಅವರಿವರನ್ನು ಕೇಳಿ ನಾನೂ ಸೋತೆ. ಕೊನೆಗೆ ಭಾಗ್ಯನಗರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೂಲಿಗೆ ಸೇರಿದಳು.

ಹೋದ ಬೇಸಿಗೆಯಲ್ಲಿ ನೋಡಲು ಹೋದೆ. ತೀರಾ ಇಳಿದುಹೋಗಿದ್ದಳು. ಗಲ್ಲಾದಲ್ಲಿ ಕೂತ ಮಾಲೀಕ, ಅವಳ ಮಗನ ವಯಸ್ಸಿನವನು, "ಏ, ಜಲ್ದಿ ಬಡಿ. ಏ, ರೊಟ್ಟಿ ತಾ" ಎಂದು ಕೂಗುತ್ತಿದ್ದ. ಅವಳು ತಲೆ ಎತ್ತದೆ ತಂದುಕೊಡುತ್ತಿದ್ದಳು. ನನಗೆ ಅವನ ಮುಖಕ್ಕೆ ಉಗಿಯುವಷ್ಟು ಸಿಟ್ಟು ಬಂತು. ಉಗಿದರೆ ಅವಳ ಕೂಲಿ ಹೋಗುತ್ತದೆಂದು ತಡೆದುಕೊಂಡೆ.

ಊಟದ ಹೊತ್ತು ಮೀರಿತ್ತು, ನಾನಿನ್ನೂ ಉಂಡಿರಲಿಲ್ಲ. ನಾನು ಹೊರಟು ನಿಂತಾಗ ಅವಳು ಹಿಟ್ಟಿನ ಕೈಯಿಂದಲೇ ನನ್ನ ಕೈ ಹಿಡಿದು, ಗಲ್ಲಾದ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು:

"ಸಿಟ್ಟಾಗಬ್ಯಾಡ ತಂಗಿ. ಉಣ್ಣು ಅನ್ನಾಕ ಈ ಒಲಿ ನಂದಲ್ಲ."