ರಾಚವ್ವನ ಆರು ರೊಟ್ಟಿ ಹೊತ್ತು

ಬೆಳಗಿನ ಆರೂವರೆ. ಸುರೇಬಾನದಿಂದ ಮೊದಲ ಬಸ್ಸಿಗೆ ಬಂದ ರಾಚವ್ವ ರಾಮದುರ್ಗದ ಹಲ್ಲಿನ ದವಾಖಾನೆಯ ಶಟರ್ ಎತ್ತುತ್ತಾರೆ. ಸಣ್ಣ ಸೂಜಿಗಳನ್ನು ತೊಳೆದು ಕುಕ್ಕರಿನಂಥ ಯಂತ್ರದಲ್ಲಿಡುತ್ತಾರೆ. ನೀಲಿ ಔಷಧಿಯ ಬಾಟಲಿ, ಕೆಂಪು ಬೆಳಕಿನ ಪೆನ್ನು ಟ್ರೇಗೆ ಬರುತ್ತವೆ. ಇವತ್ತು ಟ್ರೇಯನ್ನು ಎರಡೆರಡು ಸಲ ನೋಡುತ್ತಾರೆ. ಮೊದಲ ರೂಟ್ ಕೆನಾಲ್ ಊರಲ್ಲಿ ತಮ್ಮ ಪಕ್ಕದ ಮನೆಯ ಸಾವಿತ್ರೆವ್ವನದು.

ಹದಿಮೂರು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಏಳನೆಯ ತರಗತಿ ಓದಿದ್ದ ರಾಚವ್ವ ಇಲ್ಲಿ ಕಸ ಗುಡಿಸಲು ಸೇರಿದವರು. ಈಗ ಡಾಕ್ಟರ್ ಜ್ಯೋತ್ಸ್ನಾ ಅವರ ಬಲಗೈ, ದಿನಕ್ಕೆ ಮೂರು ನಾಲ್ಕು ಹಲ್ಲು. ಬೇರಿನ ಕೊಳೆ ಕೆರೆದು ತೊಳೆದ ಮೇಲೂ ಸಂದಿಯಲ್ಲಿ ಕ್ರಿಮಿ ಉಳಿಯುತ್ತವೆ. ಅವಕ್ಕೆ ನೀಲಿ ಬಣ್ಣ ಹತ್ತಬೇಕು, ಆಮೇಲೆ ಡಾಕ್ಟರು ಎಳೆಯಂಥ ಕಡ್ಡಿ ಇಳಿಸಿ ಕೆಂಪು ಬೆಳಕು ಬಿಡಬೇಕು, ಬಣ್ಣ ಹತ್ತಿದ ಕ್ರಿಮಿ ಆ ಬೆಳಕಿಗೆ ಸಾಯುತ್ತವೆ. ಹೊತ್ತು ನೋಡಿ ಹೇಳುವುದು ರಾಚವ್ವನ ಕೆಲಸ.

"ಬಣ್ಣಕ್ಕ ಒಂದ ರೊಟ್ಟಿ ಬಡಿಯೂವಷ್ಟ ಹೊತ್ತು, ಬೆಳಕಿಗೆ ಇನ್ನೊಂದ. ದವಡಿ ಹಲ್ಲಿಗೆ ಮೂರು ಬೇರು, ಆರು ರೊಟ್ಟಿ ಆತಲ್ರಿ," ಎಂದು ನಗುತ್ತಾರೆ. ಗಡಿಯಾರ ಎದುರಿಗೇ ಇದ್ದರೂ ರೊಟ್ಟಿಯ ಲೆಕ್ಕ ಬಿಟ್ಟವರಲ್ಲ.

ಆ ಲೆಕ್ಕ ಒಮ್ಮೆ ತಪ್ಪಿದೆ. ಎರಡು ವರ್ಷದ ಹಿಂದೆ ಸಾವಿತ್ರೆವ್ವ ಎಡಗಡೆಯ ಹಲ್ಲಿಗೆಂದು ಇದೇ ಕುರ್ಚಿಯಲ್ಲಿ ಕುಳಿತಿದ್ದರು. ಊರಿನ ಬಸ್ಸು ತಪ್ಪೀತೆಂದು ಆಕೆ ಚಡಪಡಿಸಿದಾಗ, ನೆರೆಯವಳೆಂಬ ಮೋಹಕ್ಕೆ ರಾಚವ್ವ ಬಣ್ಣ ಹತ್ತುವ ಮೊದಲೇ "ಆತ್ರಿ" ಅಂದುಬಿಟ್ಟರು. ಒಸಡು ಮತ್ತೆ ಬಾತು ಹಲ್ಲು ಕೀಳಬೇಕಾಯಿತು. ಅವಸರವೇ ಕಾರಣವೋ ಅಲ್ಲವೋ, ಡಾಕ್ಟರಿಗೂ ಖಚಿತವಿಲ್ಲ. ರಾಚವ್ವನಿಗೆ ಮಾತ್ರ ಖಚಿತ. ಅಂದಿನಿಂದ ಸಾವಿತ್ರೆವ್ವ ಬಲಗಡೆಯಲ್ಲೇ ಅಗಿಯುವುದನ್ನು ರಾಚವ್ವ ದಿನಾ ಕಟ್ಟೆಯ ಮೇಲೆ ಕುಳಿತು ನೋಡುತ್ತಾರೆ. ಈಗ ಆ ಬಲಗಡೆಯ ಹಲ್ಲೂ ಕೆಟ್ಟಿದೆ. ಇದೂ ಹೋದರೆ ಮುದುಕಿಗೆ ರೊಟ್ಟಿಯ ಋಣ ತೀರಿದಂತೆಯೇ.

ಇವತ್ತು ಮೂರನೆಯ ಬೇರಿಗೆ ಬಣ್ಣ ಬಿದ್ದಾಗ ಹೊರಗೆ ಊರಿನ ಬಸ್ಸಿನ ಹಾರ್ನು. ಸಾವಿತ್ರೆವ್ವ ಬಾಯಿ ತೆರೆದುಕೊಂಡೇ ಬಾಗಿಲ ಕಡೆ ಕೈ ಮಾಡುತ್ತಾರೆ.

"ಹೋಗ್ಲಿ ಬಿಡ ದೊಡ್ಡವ್ವ. ಬಸ್ಸು ಮತ್ತ ಬರತೈತಿ, ಹಲ್ಲು ಬರಂಗಿಲ್ಲ," ಎನ್ನುತ್ತಾರೆ ರಾಚವ್ವ.

ಬಸ್ಸು ಹೋಗುತ್ತದೆ. ಪೂರ್ತಿ ಒಂದು ರೊಟ್ಟಿ ಹೊತ್ತಾದ ಮೇಲೆಯೇ ರಾಚವ್ವ ತಲೆಯಾಡಿಸುತ್ತಾರೆ, ಕೆಂಪು ಬೆಳಕು ಒಳಗಿಳಿಯುತ್ತದೆ.

ತಿಂಗಳ ಮೇಲೆ, ಸುರೇಬಾನದ ಕಟ್ಟೆ. ಟೊಪ್ಪಿಗೆಯಂಥ ಕ್ಯಾಪ್ ಹಾಕಿಸಿಕೊಂಡ ಬಲಗಡೆಯ ಹಲ್ಲಿನಲ್ಲಿ ಸಾವಿತ್ರೆವ್ವ ಖಡಕ್ ರೊಟ್ಟಿ ಕಟಕಟನೆ ಅಗಿಯುತ್ತಿದ್ದಾರೆ. "ಈ ಸಪ್ಪಳ ದಿನಾ ಕೇಳಿದ್ರ ಸಾಕ ನನಗ," ಎನ್ನುತ್ತಾರೆ ರಾಚವ್ವ. ಆಮೇಲೆ ಎರಡು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಹೊರಬರುತ್ತದೆ. "ದೊಡ್ಡವ್ವ, ಆವತ್ತ ನಾನ ಅವಸರ ಮಾಡಿದ್ನಿ."

ಸಾವಿತ್ರೆವ್ವ ಅಗಿಯುವುದನ್ನು ನಿಲ್ಲಿಸುವುದಿಲ್ಲ. "ಗೊತ್ತೈತಿ ಬಿಡ. ಒಮ್ಮಿ ಎಡವಿದಾಕಿ ನೋಡಿ ನಡೀತಾಳ ಅಂತನ ಇದನ್ನೂ ನಿನ್ನ ಕೈಯಾಗ ಕೊಟ್ನಿ."