ಪತ್ರಿ ಗಿಡದ ಎದುರಿನ ಜೇನುಪೆಟ್ಟಿಗೆ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೂವಿನಹಡಗಲಿಯಲ್ಲಿ ಮೂರು ದಿನದ ಜೇನು ಸಾಕಾಣಿಕೆ ತರಬೇತಿ ಮುಗಿಸಿ, ರಿಯಾಯಿತಿಯಲ್ಲಿ ಸಿಕ್ಕ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆ ಬಸ್ಸಿಗೆ ಊರಿಗೆ ಬಂದೆ. ಪೆಟ್ಟಿಗೆಯ ಬಾಗಿಲಿಗೆ ಒದ್ದೆ ಬಟ್ಟೆ ತುರುಕಿದ್ದರೂ ಒಳಗಿನ ಸದ್ದು ನಿಂತಿರಲಿಲ್ಲ.

‘ರೇಡಿಯೋ ಏನ್ರಿ ಮೇಷ್ಟ್ರ? ಸ್ಟೇಷನ್ ಹಿಡಿಯವಲ್ದಲ್ಲ!’ ಎಂದರು ಪಕ್ಕದವರು.

ನಿಜ ಹೇಳಿದೆ. ಅಲ್ಲಿಂದ ಮುಂದೆ ಇಡೀ ಸೀಟು ನನ್ನೊಬ್ಬನದಾಯಿತು.

ಪೆಟ್ಟಿಗೆಯ ಬಾಗಿಲು ಪೂರ್ವಕ್ಕಿರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಮನೆ ಯಾರದೇ ಆಗಲಿ ಬಾಗಿಲು ಪೂರ್ವಕ್ಕಿರಬೇಕು ಎಂದು ಅವ್ವನೂ ಅಪ್ಪಣೆ ಕೊಡಿಸಿದಳು. ವಿಜ್ಞಾನವೂ ಅವ್ವನೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ನಮ್ಮ ಮನೆಯ ಇತಿಹಾಸದಲ್ಲಿ ಅದೇ ಮೊದಲು. ಹಿತ್ತಲಲ್ಲಿ ಒಂದು ಸ್ಟೂಲಿಟ್ಟು, ಇರುವೆ ಹತ್ತದಂತೆ ಅದರ ನಾಲ್ಕು ಕಾಲಿಗೂ ನೀರು ತುಂಬಿದ ತೆಂಗಿನ ಕರಟ ಕೊಟ್ಟು, ಪೆಟ್ಟಿಗೆಯನ್ನು ಪೂರ್ವಾಭಿಮುಖವಾಗಿ ಪ್ರತಿಷ್ಠಾಪಿಸಿದೆ. ಪೂರ್ವ ದಿಕ್ಕಿನಲ್ಲಿ ಆರೇ ಹೆಜ್ಜೆಗೆ ಅವ್ವನ ಪೂಜೆಯ ಬಿಲ್ವಪತ್ರಿ ಗಿಡವಿತ್ತು. ಅದನ್ನು ವಿಜ್ಞಾನವೂ ಲೆಕ್ಕಕ್ಕೆ ತಗೊಳ್ಳಲಿಲ್ಲ, ಅವ್ವನೂ ತಗೊಳ್ಳಲಿಲ್ಲ.

ದಸರಾ ರಜೆ ಬಂತು. ನಾನು ಬೆಳಿಗ್ಗೆ ಚಹಾ ಕುಡಿದವನೇ ಹೋಗಿ ಆ ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದೆ. ಬಾಗಿಲೆಂದರೆ ಬೆರಳು ತೂರುವಷ್ಟು ಸೀಳು, ಅದರ ಮುಂದೆ ಅಂಗೈಯಗಲದ ಹಲಗೆ. ಅಷ್ಟರಲ್ಲೇ ನಡೆಯುತ್ತಿದ್ದ ಗದ್ದಲವನ್ನು ನಾನು ಹಗರಿಬೊಮ್ಮನಹಳ್ಳಿ ಬಸ್‌ ನಿಲ್ದಾಣದಲ್ಲೂ ಕಂಡವನಲ್ಲ. ಹೋಗುವವು ಹಲಗೆಯ ಮೇಲೆ ಒಂದು ಕ್ಷಣ ನಿಂತು, ಮುಂಗಾಲಿನಿಂದ ಮುಖ ಒರೆಸಿಕೊಂಡು, ಕವಣೆಯಿಂದ ಬೀಸಿದಂತೆ ನೇರ ಹೊರಟುಬಿಡುತ್ತಿದ್ದವು. ಬರುವವು ಹಿಂಗಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು, ಭಾರಕ್ಕೆ ಹಲಗೆ ತಪ್ಪಿ ನೆಲಕ್ಕೆ ಬಿದ್ದು, ಸಾವರಿಸಿಕೊಂಡು, ಯಾರೂ ನೋಡಲಿಲ್ಲವೆಂಬಂತೆ ಮತ್ತೆ ಹಾರಿ ಹಲಗೆಗೆ ಬಂದು ಒಳಗೆ ಹೋಗುತ್ತಿದ್ದವು. ಬಾಗಿಲಲ್ಲಿ ನಿಂತ ಕಾವಲಿನವು ಒಬ್ಬೊಬ್ಬರನ್ನೂ ಮೂಸಿ ನೋಡಿ ಬಿಡುತ್ತಿದ್ದವು. ಬಿಸಿಲೇರಿದರೆ ಕೆಲವು ಅಲ್ಲೇ ನಿಂತು ರೆಕ್ಕೆ ಬೀಸಿ ಮನೆಗೆಲ್ಲ ಗಾಳಿ ಹಾಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಎಳೆಯವು ಹೊರಬಂದು, ಪೆಟ್ಟಿಗೆಗೇ ಮುಖ ಮಾಡಿ ಗಾಳಿಯಲ್ಲಿ ತೂಗಾಡುತ್ತ, ಮನೆಯ ಗುರುತು ಬಾಯಿಪಾಠ ಮಾಡುತ್ತಿದ್ದವು.

ಮಲ್ಲಿಗೆ ಸೀಮೆಯ ಜೇನು ಎಂದು ನಾನು ಊರೆಲ್ಲ ಹೇಳಿಕೊಂಡಿದ್ದೆ. ಆದರೆ ಮಲ್ಲಿಗೆಯನ್ನು ನಾವು ಮೊಗ್ಗಿದ್ದಾಗಲೇ ಬಿಡಿಸಿ ಬಸ್ಸು ಹತ್ತಿಸುತ್ತೇವೆ. ಅದು ಅರಳುವುದು ಪರ ಊರಿನ ಹೆಂಗಸರ ತುರುಬಿನಲ್ಲಿ. ಅಷ್ಟು ದೂರದ ಪ್ರಯಾಣ ಆಗದೆ ನನ್ನ ಹುಳಗಳು ಪತ್ರಿ ಗಿಡದಾಚೆಯ ಸೂರ್ಯಕಾಂತಿ ಹೊಲಕ್ಕೆ ತೃಪ್ತಿಪಟ್ಟುಕೊಂಡವು. ಆ ಹೊಲ ಪೂರ್ತಿ ಅರಳಿದ ವಾರ ಬಾಗಿಲ ಓಡಾಟ ನಾಲ್ಕು ಪಟ್ಟಾಯಿತು. ಅನಾಹುತ ಶುರುವಾದದ್ದೂ ಆಗಲೇ.

ಅವ್ವನ ನೇಮ ಬಲು ಬಿಗಿ. ಹೊತ್ತು ಮೂಡುವಾಗ ತನ್ನ ಕೈಯಾರೆ ಪತ್ರಿ ಹರಿಯಬೇಕು. ಬೇರೆಯವರು ಹರಿದದ್ದು ಆಗದು. ಎದ್ದಾಗಿನಿಂದ ಲಿಂಗಪೂಜೆ ಮುಗಿಯುವವರೆಗೆ ಯಾರೊಂದಿಗೂ ಮಾತಿಲ್ಲ. ಪೂಜೆಯಾಗದೆ ಊಟವಿಲ್ಲ. ಅವಳ ಕೈಗೆ ಎಟುಕುವ ಕೊಂಬೆ ಒಂದೇ ಒಂದು, ಅದೂ ಪೆಟ್ಟಿಗೆಯ ಕಡೆಗೆ.

ಗುರುವಾರ ಒಂದು ಹುಳ ಅವ್ವನ ಮೂಗಿಗೆ ಕುಟುಕಿತು. ಅವ್ವ ‘ಹಾ’ ಎನ್ನಲಿಲ್ಲ. ಮೂಗು ಹಿಡಿದುಕೊಂಡು ಒಳಗೆ ಹೋಗಿ ಮುಕ್ಕಾಲು ಗಂಟೆ ಪೂಜೆ ಮಾಡಿದಳು. ಗಂಟೆಯ ಸದ್ದು ದಿನಕ್ಕಿಂತ ಜೋರೈತಿ ಎಂದು ಹೆಂಡತಿ ಪಿಸುಗುಟ್ಟಿದಳು. ಪೂಜೆ ಮುಗಿಸಿ ಹೊರಬಂದಾಗ ಆ ಮೂಗು ಬದನೆಕಾಯಿಯಾಗಿತ್ತು.

‘ಲೇ, ನಿನ್ನ ಹುಳಾ ದೊಡ್ಡವೋ, ನನ್ನ ಸ್ವಾಮಿ ದೊಡ್ಡಾವನೋ?’

‘ಯವ್ವಾ, ನೀ ಯಾರಂತ ಅವಕ್ಕ ಗೊತ್ತಿಲ್ಲ…’

‘ಗೊತ್ತು ಮಾಡಿಸ್ತೀನಿ. ಸೋಮಾರ ಮೊದ್ಲ ಬಸ್ಸಿಗೆ ಪೆಟ್ಗಿ ಹಡಗಲಿಗೆ ವಾಪಸ್ ಹೋಗ್ಬೇಕು. ಇಲ್ಲಂದ್ರ ಅವತ್ತಿಂದ ನನಗ ಊಟಿಲ್ಲ.’

ಶುಕ್ರವಾರ ಅವ್ವ ಕಂಬಳಿ ಹೊದ್ದು, ಗಿಡದ ಹಿಂದಿನಿಂದ ಕೈ ಚಾಚಿ, ನಾಲ್ಕೇ ಎಲೆ ತಂದಳು. ಪೂಜೆ ಚುಟುಕಾಯಿತು. ಎರಡು ರೊಟ್ಟಿ ತಿನ್ನುವವಳು ಒಂದಕ್ಕೇ ಎದ್ದಳು. ಅದನ್ನು ನೋಡಲಾಗದೆ ನಾನು ಹತ್ತು ಗಂಟೆಗೆ ಪೆಟ್ಟಿಗೆಯನ್ನೆತ್ತಿ ಇಪ್ಪತ್ತು ಹೆಜ್ಜೆ ದೂರದ ಹುಣಸೆ ಮರದಡಿ ಇಟ್ಟೆ. ನಾವು ಮನೆ ಬದಲಿಸಿದರೆ ಸಂಜೆ ಹೊಸ ಮನೆಗೇ ಹೋಗುವುದಿಲ್ಲವೇ? ಅದೇ ನನ್ನ ತರ್ಕ.

ಹೊಲಕ್ಕೆ ಹೋಗಿದ್ದವು ಒಂದೊಂದಾಗಿ ಹಿಂತಿರುಗಿದವು, ಹಳೆಯ ಜಾಗಕ್ಕೇ. ಪರಾಗದ ಗಂಟು ಹೊತ್ತುಕೊಂಡು, ಇಲ್ಲದ ಬಾಗಿಲ ಮುಂದೆ ಬರೀ ಗಾಳಿಯಲ್ಲಿ ಸಾಲಾಗಿ ನಿಂತವು. ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ; ಒಂದಾದರೂ ಆ ಕಡೆ ತಿರುಗಿ ನೋಡಲಿಲ್ಲ. ಮಧ್ಯಾಹ್ನಕ್ಕೆ ಎಲ್ಲವೂ ಸೇರಿ ಮುಷ್ಟಿ ಗಾತ್ರದ ಗೊಂಚಲಾಗಿ ಜೋತುಬಿದ್ದವು. ಎಲ್ಲಿ? ಅವ್ವನ ಆ ಒಂದೇ ಕೊಂಬೆಯಲ್ಲಿ.

‘ಈಗ ಪೂಜಿಗೂ ಕುಂತಾವೇನ್ರಿ?’ ಎಂದಳು ಹೆಂಡತಿ.

ಮುಸ್ಸಂಜೆಗೆ ಪೆಟ್ಟಿಗೆಯನ್ನು ಮತ್ತೆ ಹಳೆಯ ಸ್ಟೂಲಿಗೆ ತಂದೆ. ಅವು ಏನೂ ಆಗಿಲ್ಲವೆಂಬಂತೆ ಒಳಗೆ ಹೋದವು.

ಶನಿವಾರ ಎಸ್‌ಟಿಡಿ ಬೂತಿನಿಂದ ತರಬೇತಿ ಕೊಟ್ಟ ಸಾಹೇಬರಿಗೆ ಫೋನ್ ಮಾಡಿದೆ.

‘ಹಗಲೊತ್ತಿನ್ಯಾಗ ಎತ್ತಿಟ್ರಾ? ಮೂರು ದಿನ ಕುಂದ್ರಿಸಿ ಏನ್ ಹೇಳಿದ್ವಿ ನಿಮಗ? ಅವು ಪೆಟ್ಗಿ ನೋಡಂಗಿಲ್ರಿ, ಜಾಗ ನೋಡ್ತಾವ. ದಿನಕ್ಕೊಂದು ಮೊಳ ಸರಿಸ್ರಿ.’

ಹುಣಸೆ ಮರ ಮುಟ್ಟಲು ಒಂದು ತಿಂಗಳಾದರೂ ಬೇಕಿತ್ತು. ಅವ್ವನ ಗಡುವಿಗೆ ಉಳಿದದ್ದು ಎರಡು ದಿನ. ಆ ದಿನವೂ ಅವಳು ಒಂದೇ ರೊಟ್ಟಿ ತಿಂದಳು.

ಭಾನುವಾರ ಹೆಂಡತಿ ಹಾಸಿ ಹೊದೆಯುವ ಕೌದಿ ಒಗೆದು ತಂದು, ಪೆಟ್ಟಿಗೆಗೂ ಪತ್ರಿ ಗಿಡಕ್ಕೂ ನಡುವೆ ಎತ್ತರಕ್ಕೆ ಬಿಗಿದಿದ್ದ ತಂತಿಗೆ ಹಾಕತೊಡಗಿದಳು.

‘ಅಲ್ಲಿ ಬ್ಯಾಡ, ಅದು ಅವುಗಳ ದಾರಿ,’ ಎಂದೆ.

‘ದಾರಿ ಅವಕ್ಕ ಬರಕೊಟ್ಟಾರೇನು? ಹಸಿ ಕೌದಿ ನೀವು ಹೊತ್ತು ನಿಂದ್ರತೀರಾ?’

ಸುಮ್ಮನೆ ಕೂತು ನೋಡಿದೆ. ಬಾಗಿಲಿಂದ ಹೊರಟ ಮೊದಲ ಹುಳ ಕೌದಿಯ ಎದುರು ಗಕ್ಕನೆ ನಿಂತು, ನೆಟ್ಟಗೆ ಮೇಲೇರಿ, ತಂತಿ ದಾಟಿ, ಕೆಳಗಿಳಿಯದೆ ಗಿಡದ ತಲೆಯ ಮೇಲಿಂದಲೇ ಹೊಲಕ್ಕೆ ಹೋಯಿತು. ಅದರ ಹಿಂದಿನದೂ ಹಾಗೆಯೇ. ಬರುವವು ಬಾವಿಗೆ ಕೊಡ ಬಿಟ್ಟಂತೆ ಮೇಲಿಂದ ನೇರ ಹಲಗೆಗೆ ಇಳಿದವು. ಗಿಡದ ಕೆಳಗೆ ಒಂದು ಹುಳವೂ ಇರಲಿಲ್ಲ.

ಹೆಂಡತಿಯೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ‘ಬಚ್ಚಲಕ್ಕ ಕಟ್ಟೀವಲ್ಲ, ಹಂಗ ಒಂದು ದಂಟಿನ ತಟ್ಟಿ ಕಟ್ರಿ. ದಿನಾ ಕೌದಿ ಒಗಿಯಾಕ ನನ್ನ ಕೈಲಾಗಂಗಿಲ್ಲ.’

ಸಂಜೆಯೊಳಗೆ ಎರಡು ಗಳ ನೆಟ್ಟು, ಜೋಳದ ದಂಟು ಹೆಣೆದು, ಆಳೆತ್ತರಕ್ಕಿಂತ ಮಿಗಿಲಾದ ತಟ್ಟಿಯೊಂದನ್ನು ಕಟ್ಟಿ ಮುಗಿಸಿದೆ.

ಸೋಮವಾರ ಹೊತ್ತು ಮೂಡುವಾಗ ಅವ್ವ ಕಂಬಳಿ ಹೊದ್ದು ಬಂದಳು. ತಟ್ಟಿ ನೋಡಿದಳು. ತಲೆಯೆತ್ತಿ, ಮೇಲೆ ಹೋಗಿ ಬರುವ ಹುಳಗಳನ್ನು ನೋಡಿದಳು. ನನ್ನನ್ನೂ ನೋಡಿದಳು. ಆಮೇಲೆ ಕಂಬಳಿಯನ್ನು ಹೆಗಲಿಗೆ ಜಾರಿಸಿ, ಬುಟ್ಟಿ ತುಂಬ ಪತ್ರಿ ಹರಿದು ಒಳಗೆ ಹೋದಳು. ಮಾತಿಲ್ಲ. ನಾವು ಕೇಳುವಂತೆಯೂ ಇಲ್ಲ. ಪೆಟ್ಟಿಗೆಯ ಬಾಗಿಲಿಗೆ ತುರುಕಬೇಕಾದ ಒದ್ದೆ ಬಟ್ಟೆ ಹಿಡಿದು ನಾನು ಪಡಸಾಲೆಯಲ್ಲಿ ನಿಂತೇ ಇದ್ದೆ. ಒಳಗೆ ಪೂಜೆ ಸಾವಧಾನವಾಗಿ ಸಾಗಿತ್ತು. ಮೊದಲ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೊರಟೂ ಹೋಯಿತು.

ಕೊನೆಗೆ ಅವ್ವ ಬಂದು ತಾಟಿನ ಮುಂದೆ ಕೂತಳು.

‘ಎರಡು ರೊಟ್ಟಿ ಹಾಕವ್ವಾ,’ ಎಂದು ಸೊಸೆಗೆ ಹೇಳಿ ನನ್ನ ಕಡೆ ತಿರುಗಿದಳು. ‘ಇರ್ಲಿ ಬಿಡು ಪೆಟ್ಗಿ. ಆದ್ರ ತಟ್ಟಿ ಓರೆ ಆಗೇತಿ. ಮೇಷ್ಟ್ರು ಕಟ್ಟಿದ್ದಂತ ದಾರ್ಯಾಗ ಹೋಗೋರಿಗೂ ಗೊತ್ತಾಕೈತಿ. ನೆಟ್ಟಗ ಮಾಡು ನಡಿ.’

ನಾನು ಹಗ್ಗ ಹುಡುಕಲು ಹೊರಟೆ.