ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಪಾಯಿಂಟುಗಳು

ಡಾಕ್ಟರಾದ ಮೇಲೆ ಓದು ಮುಗೀತು ಅಂತ ತಿಳಿದವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಲ್ಲು ಕೀಳುವ ಹಕ್ಕನ್ನು ನಮಗೆ ಯಾರೂ ಜೀವಮಾನಕ್ಕೆ ಬರೆದುಕೊಟ್ಟಿಲ್ಲ. ಕೆಲವು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು. ಅದಕ್ಕೆ ಶುಲ್ಕ ಕಟ್ಟಿದರೆ ಸಾಲದು. ಆ ಅವಧಿಯೊಳಗೆ ತರಗತಿಗಳಿಗೆ ಹೋಗಿ ಕೂತು, ಹೊಸದನ್ನು ಕಲಿತು, ಇಷ್ಟು ಅಂತ ಪಾಯಿಂಟು ಗಳಿಸಿರಬೇಕು. ಪಾಯಿಂಟು ಕಡಿಮೆ ಬಿದ್ದರೆ ನೋಂದಣಿ ನಿಲ್ಲುತ್ತದೆ. ನೋಂದಣಿ ನಿಂತರೆ, ನೀವು ಎಷ್ಟೇ ಹೆಸರು ಮಾಡಿದ ಡಾಕ್ಟರಾಗಿರಿ, ಇನ್ನೊಬ್ಬರ ಬಾಯೊಳಗೆ ಕೈ ಹಾಕುವಂತಿಲ್ಲ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಿದ್ದೆ.

ನಾನು ಬ್ಯಾಡಗಿಯವನು. ಅಪ್ಪ ಮೆಣಸಿನಕಾಯಿ ಮಾರ್ಕೆಟ್ಟಿನ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದಿನಾ ಸಂಜೆ ಸಾಲಿ ಬಿಟ್ಟ ಮೇಲೆ ನಾನು ಅಲ್ಲೇ ಚೀಲಗಳ ಮೇಲೆ ಕೂತು ವ್ಯಾಪಾರ ನೋಡಿ ಬೆಳೆದೆ. ದರ ಬಿದ್ದಾಗ ಮಾಲು ಕೋಲ್ಡ್ ಸ್ಟೋರೇಜಿಗೆ, ದರ ಎದ್ದಾಗ ಹೊರಗೆ. ಸರಿಯಾಗಿ ಒಣಗಿಸಿ ಒಳಗಿಟ್ಟ ಕಾಯಿಯ ಬಣ್ಣ ಕೆಡುವುದಿಲ್ಲ, ಇಟ್ಟವನ ಹೆಸರು ಅಳಿಯುವುದಿಲ್ಲ. ಮಗ್ಗಿ ಬಾಯಿಪಾಠವಾಗುವುದಕ್ಕೂ ಮೊದಲೇ ಇದು ನನ್ನ ತಲೆಗೆ ಹೋಗಿತ್ತು. ಡೆಂಟಲ್ ಕಾಲೇಜು ಮುಗಿಸಿ ರಾಣೇಬೆನ್ನೂರಿನಲ್ಲಿ ಕ್ಲಿನಿಕ್ಕು ಹಾಕಿದಾಗ ಕುರ್ಚಿಯಿಂದ ಹಿಡಿದು ಹೊರಗಿನ ಬೋರ್ಡಿನ ತನಕ ಒಂದನ್ನೂ ಹೇಳಿದ ದರಕ್ಕೆ ಕೊಂಡವನಲ್ಲ. ಹೊಸದಾಗಿ ಕ್ಲಿನಿಕ್ಕು ಹಾಕುವ ಹುಡುಗರಿಗೆ ಈಗಲೂ ಹೇಳುತ್ತೇನೆ: ಮೊದಲು ಎದ್ದು ಬಾಗಿಲ ತನಕ ಹೋಗ್ರಿ, ಖರೇ ದರ ಆಮೇಲೆ ಹೇಳ್ತಾರ.

ಹಿಂದಿನ ಅವಧಿಯಲ್ಲಿ ಈ ಪಾಯಿಂಟುಗಳಿಗೂ ನಾನು ಹಾಗೇ ಮಾಡಿದ್ದೆ. ತರಗತಿ ನಡೆಸುವವರಿಗೆ ಮಂದಿ ಬೇಕಿತ್ತು. ನಾನು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರಿನ ಹಲ್ಲಿನ ಡಾಕ್ಟರುಗಳನ್ನು ಒಂದು ಟೆಂಪೋದಲ್ಲಿ ತುಂಬಿಕೊಂಡು ಹೋಗಿ, "ಇಷ್ಟು ಮಂದಿ ತಂದೇನಿ, ಊಟ ಹಿಡಿದು ಒಂದು ದರ ಹೇಳ್ರಿ" ಅನ್ನುತ್ತಿದ್ದೆ. ದರ ಇಳಿಯುತ್ತಿತ್ತು. ದರ ಇಳಿಸಿದವನು ತಾನೇ ಹೋಗದೆ ಇರಲಿಕ್ಕೆ ಆಗುತ್ತದೆಯೇ? ಎಲ್ಲ ತರಗತಿಗೂ ಹೋದೆ. ಬೇಕಾದದ್ದಕ್ಕಿಂತ ಬಹಳ ಹೆಚ್ಚು ಪಾಯಿಂಟು ಬಿದ್ದವು. ಹೆಚ್ಚಾದದ್ದು ಮುಂದಿನ ಸಲಕ್ಕೆ ಇರುತ್ತದೆ ಅಂತ ಆರಾಮಾಗಿ ಕೂತೆ. ಹಾಗಂತ ಯಾರೂ ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನಮ್ಮೂರಿನಲ್ಲಿ ಅದು ಕೇಳುವ ಮಾತೇ ಅಲ್ಲ. ಇಟ್ಟ ಮಾಲು ಇಟ್ಟವನದು.

ಹಾವೇರಿಯಲ್ಲಿ ನನಗಿಂತ ಬಹಳ ಚಿಕ್ಕವಳೊಬ್ಬಳು ಹಲ್ಲಿನ ಡಾಕ್ಟರಿದ್ದಾಳೆ. ಮನೆಯಲ್ಲಿ ಉರ್ದು, ರೋಗಿಗಳ ಹತ್ತಿರ ನಮ್ಮ ಕನ್ನಡ, ನನ್ನ ಹತ್ತಿರ ಸಲಿಗೆ. ಹಿಂದೆ ಅದೇ ಟೆಂಪೋದಲ್ಲಿ ಬರುತ್ತಿದ್ದಳು. ಒಂದು ಮಧ್ಯಾಹ್ನ ಫೋನು ಮಾಡಿದಳು.

"ಸರ್, ಮುಂದಿನ ತಿಂಗಳ ಕಡೀಗೆ ನೋಂದಣಿ ಮುಗೀತೈತಿ. ನಿಮ್ಮ ಪಾಯಿಂಟು ಆಗ್ಯಾವಿಲ್ರಿ?"

"ಎಲ್ಲಾ ಐತಿ ತಂಗಿ. ಹೋದ ಸಲದ ಸ್ಟಾಕ್ ಇನ್ನೂ ಮುಟ್ಟೇ ಇಲ್ಲ."

"ಚ್ಯಾಷ್ಟಿ ಮಾಡಾಕತ್ತೀರಿ ಹೌದಿಲ್ರಿ?" ಅಂದಳು. "ಹೋದ ಸಲದ್ದು ಹೋದ ಸಲಕ್ಕ ಮುಗೀತ್ರಿ. ಈ ಸಲದ್ದು ಈ ಅವಧಿಯೊಳಗ ಆಗಬೇಕು."

ನಾನು ನಕ್ಕೆ. ನಕ್ಕು ಫೋನು ಇಟ್ಟ ಮೇಲೆ ನಾಲಿಗೆ ಒಣಗಿದ್ದು ಗೊತ್ತಾಯಿತು. ಕುರ್ಚಿಯಲ್ಲಿ ಕೂತ ರೋಗಿಗೆ ನಾವು ಬಾಯಿ ಮುಕ್ಕಳಿಸಲು ಕೊಡುವ ಲೋಟದಲ್ಲೇ ನೀರು ಕುಡಿದೆ.

ನೋಂದಣಿ ಕಚೇರಿಗೆ ಫೋನು ಹಚ್ಚಿದೆ. ಎತ್ತಿಕೊಂಡವರು ಬೆಂಗಳೂರು ಕಡೆಯ ಮಾತಿನವರು, ಸಮಾಧಾನದವರು. ನಾನು ವ್ಯಾಪಾರಕ್ಕೆ ಇಳಿದೆ. ಹೋದ ಸಲ ಹೆಚ್ಚಿಗೆ ಬಂದದ್ದರಲ್ಲಿ ಪೂರ್ತಿ ಬೇಡ, ಅರ್ಧ ಹಿಡಿಯಿರಿ ಅಂದೆ. ಅರ್ಧ ಬೇಡ, ಕಾಲು ಹಿಡಿಯಿರಿ ಅಂದೆ. ಅವರು ಎಲ್ಲ ಕೇಳಿಸಿಕೊಂಡು, "ಡಾಕ್ಟ್ರೇ, ಹೋದ ವರ್ಷ ಉಂಡಿದ್ದಕ್ಕೆ ಈ ವರ್ಷ ಹೊಟ್ಟೆ ತುಂಬುತ್ತಾ?" ಅಂದರು.

ಜೀವನದಲ್ಲಿ ಮೊದಲ ಸಲ ನನ್ನ ಎದುರು ದರವೇ ಇಲ್ಲದ ವಸ್ತು ಬಂದಿತ್ತು. ಎದ್ದು ಬಾಗಿಲ ತನಕ ಹೋದರೆ ಹಿಂದಿನಿಂದ ಕರೆಯುವವರು ಯಾರೂ ಇರಲಿಲ್ಲ.

ಅವತ್ತಿನಿಂದ ಅಂಜಿಕೆ ಮನೆ ಹೊಕ್ಕಿತು. ಅಂಜಿಕೆ ತಲೆಯಲ್ಲಿ ಇರುತ್ತದೆ ಅಂತಾರೆ. ನನಗೆ ಅದು ಹೊಟ್ಟೆಯಲ್ಲಿ ಕೂತಿತು. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಹಾಗೇ ಕೂತಿರುತ್ತಿದ್ದೆ. ಕ್ಲಿನಿಕ್ಕಿನ ಮುಂದೆ ಪರಿಚಯವಿಲ್ಲದ ಜೀಪು ನಿಂತರೆ ತಪಾಸಣೆಗೆ ಬಂದರೇನೋ ಅಂತ ಕಿಟಕಿಗೆ ಹೋಗುತ್ತಿದ್ದೆ. ತಾರೀಖು ಇನ್ನೂ ಮುಂದಿತ್ತು, ನಾನಿನ್ನೂ ಪೂರ್ತಿ ಹಕ್ಕಿನ ಡಾಕ್ಟರು. ಆದರೂ ಹೋಗುತ್ತಿದ್ದೆ. ಹೆಂಡತಿ ನೋಡಿ ನೋಡಿ, "ಮಂದೀಗೆ ಏನೂ ಆಗೂದಿಲ್ಲ, ಅಂಜಬ್ಯಾಡ್ರಿ ಅಂತ ದಿನಾ ಹೇಳ್ತೀರಲ್ಲ, ಅದರಾಗ ಒಂದೀಟು ಮನೀಗೂ ತರ್ರಿ" ಅಂದಳು.

ಇಂಥ ಹೊತ್ತಿನಲ್ಲಿ ದಲ್ಲಾಳಿ ಬಂದೇ ಬರುತ್ತಾನೆ. ತರಗತಿಗಳಿಗೆ ಮಂದಿ ಕೂಡಿಸುವವನೊಬ್ಬ ಫೋನು ಮಾಡಿದ. "ನೀವು ಬರೂದ ಬ್ಯಾಡ್ರಿ ಡಾಕ್ಟರ. ಹಾಜರಿ ಕೋಡ್ ಫೋಟೋ ತಗದು ಕಳಸ್ತೇನಿ. ಮನಿಯಾಗ ಚಾ ಕುಡಕೋತ ಸ್ಕ್ಯಾನ್ ಮಾಡ್ರಿ." ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಮಾರ್ಕೆಟ್ಟಿನಲ್ಲಿ ಬೆಳೆದವನಿಗೆ ಒಂದು ಗೊತ್ತಿರುತ್ತದೆ: ನೀರು ಹೊಡೆದು ತೂಕ ಹೆಚ್ಚಿಸಿದ ಚೀಲ ಯಾವತ್ತಾದರೂ ಬೂಸರು ಹಿಡಿದು ತಾನೇ ಗುಟ್ಟು ಹೇಳಿಬಿಡುತ್ತದೆ. ಪಾಯಿಂಟು ಕಡಿಮೆ ಬಿದ್ದವನ ನೋಂದಣಿ ಇವತ್ತಲ್ಲ ನಾಳೆ ತಿರುಗಿ ಸಿಗುತ್ತದೆ. ಸುಳ್ಳು ಹಾಜರಿ ಹಾಕಿ ಸಿಕ್ಕವನದು? ಒಲ್ಲೆ ಅಂದೆ. ಧೈರ್ಯದಿಂದ ಅಂದದ್ದಲ್ಲ, ಅದಕ್ಕೂ ಅಂಜಿಯೇ ಅಂದದ್ದು. ನಿಮಗೂ ಇದನ್ನೇ ಹೇಳುತ್ತೇನೆ. ಅಂಜಿಕೆ ಎಲ್ಲ ಸಲವೂ ಕೆಟ್ಟ ಸಲಹೆ ಕೊಡುವುದಿಲ್ಲ.

ಹುಬ್ಬಳ್ಳಿ, ದಾವಣಗೆರೆ, ಹಾವೇರಿ, ಎಲ್ಲಿ ತರಗತಿ ಇದ್ದರೆ ಅಲ್ಲಿಗೆ ಓಡಿದೆ. ಯಾರನ್ನೂ ಟೆಂಪೋದಲ್ಲಿ ತುಂಬಲಿಲ್ಲ, ಹೇಳಿದ ದರ ಕೊಟ್ಟೆ. ಬೆಳಿಗ್ಗೆ, ಊಟದ ಮೇಲೆ, ಸಂಜೆ ಹಾಜರಿ. ನಡುವೆ ಹೆಸರು ಕರೆದುಬಿಟ್ಟರೆ ಅಂತ ಮೂತ್ರಕ್ಕೆ ಹೋಗಲೂ ಅಂಜಿಕೆ. ಹುಡುಗರು ಹಿಂದಿನ ಸಾಲಿನಲ್ಲಿ ಕೂತು ಮೊಬೈಲು ನೋಡುತ್ತಿದ್ದರೆ ನಾನು ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಕೂತಿರುತ್ತಿದ್ದೆ.

ಅಲ್ಲೇ ಎರಡನೆಯ ಅಂಜಿಕೆ ಶುರುವಾದದ್ದು. ರಕ್ತ ತೆಳ್ಳಗಾಗಲು ಗುಳಿಗೆ ತೆಗೆದುಕೊಳ್ಳುವ ಹೃದಯದ ರೋಗಿಗಳ ಬಗ್ಗೆ ಪಾಠ ನಡೆದಿತ್ತು. ಹಲ್ಲು ಕೀಳುವ ಮೊದಲು ಆ ಗುಳಿಗೆ ಕೆಲವು ದಿನ ನಿಲ್ಲಿಸಬೇಕು ಅಂತ ನಾವು ಕಾಲೇಜಿನಲ್ಲಿ ಕಲಿತವರು. ಈಗ, ಸಾದಾ ಹಲ್ಲಿಗೆ ಬಹಳ ಸಲ ನಿಲ್ಲಿಸುವುದೇ ಬೇಡ, ನಿಲ್ಲಿಸಿದರೇ ಹೃದಯಕ್ಕೆ ಹೆಚ್ಚಿನ ಅಪಾಯ, ಹೃದಯದ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ ಅಂದರು. ಮುಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದ ನನ್ನ ಪೆನ್ನು ಅಲ್ಲೇ ನಿಂತಿತು. ನಾನು ಕಲಿತದ್ದು ಕೋಲ್ಡ್ ಸ್ಟೋರೇಜಿನಲ್ಲಿ ಹಾಗೇ ಇದೆ ಅಂದುಕೊಂಡಿದ್ದೆನಲ್ಲ, ಅದು ನನ್ನ ಬೆನ್ನ ಹಿಂದೆ ಬದಲಾಗುತ್ತಲೇ ಇತ್ತು. ಇನ್ನೇನೇನು ಬದಲಾಗಿದೆಯೋ ಎಂಬ ಪ್ರಶ್ನೆ ಬಸ್ಸಿನಲ್ಲಿ ಮನೆಯ ತನಕ ನನ್ನ ಪಕ್ಕದಲ್ಲೇ ಕೂತು ಬಂತು.

ಕೊನೆಯ ತರಗತಿ ಮುಗಿದಾಗ ಬೇಕಾದಷ್ಟು ಪಾಯಿಂಟು ಆಗಿದ್ದವು. ಅರ್ಜಿಯನ್ನೂ ಹಾಕಿದೆ. ಆದರೆ ಪಾಯಿಂಟು ಗಳಿಸಿದರಷ್ಟೇ ಸಾಲದು. ತರಗತಿ ನಡೆಸಿದವರು ಅದನ್ನು ಕಂಪ್ಯೂಟರಿಗೆ ಏರಿಸಬೇಕು, ಕಚೇರಿಯವರು ಒಪ್ಪಬೇಕು. ನಾನು ದಿನವಿಡೀ ಮೊಬೈಲಿನಲ್ಲಿ ನನ್ನ ಹೆಸರು ಹಾಕಿ ನೋಡಿದೆ. 'ಪರಿಶೀಲನೆಯಲ್ಲಿದೆ.' ತಾರೀಖು ಬಂತು, ಹೋಯಿತು. ಮರುದಿನ ಬೆಳಿಗ್ಗೆ ಹೆಸರಿನ ಮುಂದೆ 'ಅವಧಿ ಮುಗಿದಿದೆ' ಅಂತ ಬಂತು. ಹೆಂಡತಿ ಮೊಬೈಲು ಕಸಿದುಕೊಂಡು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಅವತ್ತೂ ಮರುದಿನವೂ ನಾನು ಮತ್ತೆ ನೋಡಲಿಲ್ಲ. ನೋಡುವ ಧೈರ್ಯ ಉಳಿದಿರಲಿಲ್ಲ.

ಆ ಮರುದಿನ ಕ್ಲಿನಿಕ್ಕಿನ ಬಾಗಿಲು ಅರ್ಧ ತೆರೆದು ಸುಮ್ಮನೆ ಕೂತಿದ್ದೆ. ಆಗ ಕಾಗಿನೆಲೆಯ ಯಜಮಾನರು ಬಂದರು.

ಇವರು ಅಲ್ಲಿಗೆ ಬರುವ ಭಕ್ತರಿಗೆ ತೆಂಗಿನಕಾಯಿ, ಕರ್ಪೂರ ಮಾರುವವರು. ವ್ಯಾಪಾರದಲ್ಲಿ ನನ್ನನ್ನು ಸೋಲಿಸಿದ ಒಬ್ಬರೇ ರೋಗಿ. ಮುಂದಿನ ಹಲ್ಲು ಹೋಗಿತ್ತು. ಆಚೀಚೆಯ ಎರಡು ಹಲ್ಲು ಕೊರೆದು ಸಣ್ಣ ಮಾಡಿ, ಅವುಗಳ ಮೇಲೆ ಸೇತುವೆಯಂತೆ ಕೂರುವ ಕ್ಯಾಪು ಮಾಡಲು ಹುಬ್ಬಳ್ಳಿಗೆ ಅಳತೆ ಕಳಿಸಿದ್ದೆ. ಮೊದಲು ಬಂದದ್ದು ಸರಿ ಕೂರಲಿಲ್ಲ, ವಾಪಸು ಹೋಯಿತು. ಸರಿಯಾದದ್ದು ಬಂದು ನನ್ನ ಮೇಜಿನ ಮೇಲೆ ಕೂತದ್ದು ನನ್ನ ಅವಧಿ ಮುಗಿದ ದಿನವೇ. ಈಗ ಯಜಮಾನರು ಅಂಗಿಯ ಕಿಸೆಯಿಂದ ತಾತ್ಕಾಲಿಕ ಪ್ಲಾಸ್ಟಿಕ್ ಕ್ಯಾಪು ತೆಗೆದು ಮೇಜಿನ ಮೇಲಿಟ್ಟರು.

"ಬಿತ್ತು ನೋಡ್ರಿ. ಗಾಳಿ ಬಡದ್ರ ಜೀವಾ ಹೋಗತೈತಿ. ಬಾಯಿ ಮುಚ್ಚಕೊಂಡು ಕಾಯಿ ಹೆಂಗ ಮಾರೂದು?"

ಬಿಟ್ಟರೆ ಕೊರೆದ ಹಲ್ಲುಗಳು ಜರುಗುತ್ತವೆ, ಹೊಸ ಕ್ಯಾಪು ಮತ್ತೆ ಕೂರುವುದಿಲ್ಲ. ನನ್ನ ಕೆಲಸ ಬಹಳ ಹೊತ್ತಿನದಲ್ಲ. ಸಿಮೆಂಟು ಕಲಸಿ, ಒತ್ತಿ ಹಿಡಿದರೆ ಮುಗೀತು.

"ನನ್ನ ನೋಂದಣಿ ನಿಂತೈತ್ರಿ," ಅಂದೆ. "ನಾ ನಿಮ್ಮ ಬಾಯಾಗ ಕೈ ಹಾಕುವಂಗಿಲ್ಲ."

"ನಿನ್ನೆ ಮೊನ್ನೆ ತನಕ ಹಾಕತಿದ್ರಿ. ಕೈ ಅದ ಅಲ್ಲೇನು?"

"ಕೈ ಅದ ಐತ್ರಿ. ಹಕ್ಕು ಇಲ್ಲ."

"ಯಾರು ನೋಡಾಕತ್ತಾರ? ಬಾಗಲಾ ಹಾಕ್ರಿ. ಬೇಕಾದ್ರ ದರ ಸ್ವಲ್ಪ ಏರಿಸ್ರಿ!"

ದರ ಏರಿಸಿ ಅಂತ ಅವರು ಅಂದದ್ದು ಅದೇ ಮೊದಲು. ನಗು ಬರಬೇಕಿತ್ತು. ಬರಲಿಲ್ಲ. ಮೇಜಿನ ಕೆಳಗೆ ನನ್ನ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡಿದ್ದವು. ಕ್ಯಾಪಿನ ಡಬ್ಬಿ ಕಿಸೆಗೆ ಹಾಕಿ, "ನಡೀರಿ, ಹಾವೇರಿಗೆ ಹೋಗೂಣು" ಅಂದೆ.

ಕಾರಿನ ದಾರಿಯುದ್ದಕ್ಕೂ ಅವರು ಟವೆಲ್ಲು ಬಾಯಿಗೆ ಹಿಡಿದು ಕೂತಿದ್ದರು. ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಇವತ್ತು ಒಬ್ಬರನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನೋಂದಣಿ ವಾರಗಟ್ಟಲೆ ಬರದಿದ್ದರೆ? ಅರ್ಜಿಯಲ್ಲಿ ಏನಾದರೂ ಬಿಟ್ಟಿದ್ದರೆ? ಈ ವಯಸ್ಸಿನಲ್ಲಿ ನನಗೆ ಬೇರೆ ಯಾವ ಕೆಲಸ ಬರುತ್ತದೆ? ಚೀಲದ ಮೇಲೆ ಕೂತು ದರ ನೋಡುವುದೊಂದು ಬರುತ್ತಿತ್ತು. ಈಗ ಅದೂ ಕಂಪ್ಯೂಟರಿನಲ್ಲಿ ಆಗುತ್ತದೆ.

ಹಾವೇರಿಯ ಹುಡುಗಿ ಏನೂ ಕೇಳಲಿಲ್ಲ. ಯಜಮಾನರನ್ನು ಕುರ್ಚಿಗೆ ಏರಿಸಿ, ದೀಪ ಹಚ್ಚಿ, ಕ್ಯಾಪು ಇಟ್ಟು ನೋಡಿದಳು. ಸರಿಯಾಗಿ ಕೂತಿತು. ನಾನು ಗೋಡೆಗೆ ಒರಗಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

"ಎಡಕ್ಕ ಸ್ವಲ್ಪ ಎತ್ತರ ಅನಸ್ತೈತಿ ನೋಡು," ಅಂದೆ.

"ಸರ್, ನೀವು ರೋಗಿ ಕಡೆಯವರು. ಸುಮ್ಮನ ನಿಂದರ್ರಿ."

ಯಜಮಾನರು ಬಾಯಿ ತೆರೆದೇ ಗೊಳ್ ಅಂತ ನಕ್ಕರು. ಆಕೆ ಸಿಮೆಂಟು ಕಲಸುವ ಮೊದಲು ಏನೋ ನೆನಪಾದವಳಂತೆ ಕೈಗವಸು ತೆಗೆದು ತನ್ನ ಮೊಬೈಲು ಎತ್ತಿಕೊಂಡಳು. ನನ್ನ ಹೆಸರು ಹಾಕುತ್ತಿದ್ದಾಳೆ ಅಂತ ಗೊತ್ತಾಯಿತು. ನಾನು ಕಿಟಕಿಯ ಕಡೆ ತಿರುಗಿದೆ. ಹೊರಗೆ ಒಬ್ಬ ಬಾಳೆಹಣ್ಣಿನ ಗಾಡಿ ನಿಲ್ಲಿಸಿಕೊಂಡಿದ್ದ. ಡಜನ್ನಿನ ದರ ಕೂಗುತ್ತಿದ್ದ. ಎಷ್ಟೆಂದ ಅಂತ ಕೇಳಿಸಿಕೊಳ್ಳಲೂ ಆಗಲಿಲ್ಲ.

"ಸರ್, ಆಗೇತಿ. ನಿನ್ನೆ ಸಂಜೀನ ಆಗೇತಿ. ನೋಡಿಲ್ಲೇನ್ರಿ?"

ತೋರಿಸಿದಳು. ಓದಿದೆ, ಅರ್ಥವಾಗಲಿಲ್ಲ. "ನೀನೇ ಓದು," ಅಂದೆ. ಆಕೆ ಸಣ್ಣ ಮಕ್ಕಳಿಗೆ ಓದಿ ಹೇಳುವಂತೆ ಓದಿದಳು. ನವೀಕರಣವಾಗಿದೆ. ಹೊಸ ಅವಧಿ ಶುರುವಾಗಿದೆ. ಪಾಯಿಂಟು: ಸೊನ್ನೆ.

ಆ ಸೊನ್ನೆಯನ್ನು ಇನ್ನೊಮ್ಮೆ ಓದಿಸಿದೆ.

"ಬರ್ರಿ, ನಿಮ್ಮ ರೋಗಿ, ನಿಮ್ಮ ಕ್ಯಾಪು. ನೀವ ಹಚ್ಚ್ರಿ," ಅಂತ ಹೊಸ ಕೈಗವಸಿನ ಡಬ್ಬಿ ಮುಂದೆ ಹಿಡಿದಳು.

ಒಂದು ಎಳೆದುಕೊಂಡೆ. ಬೆರಳು ತೂರಿಸಲು ಹೋದರೆ ಕೈಗವಸು ನಡುಗುತ್ತಿತ್ತು. ಕೈಗವಸು ತಾನಾಗಿ ನಡುಗುವುದಿಲ್ಲ ಅನ್ನುವುದು ನನಗೂ ಗೊತ್ತು, ಆಕೆಗೂ ಗೊತ್ತು. ಹಕ್ಕು ಬಂದಿತ್ತು. ಆದರೆ ಹಕ್ಕಿದೆ ಅಂತ ಇನ್ನೊಬ್ಬರ ಹಲ್ಲಿನ ಮೇಲೆ ಇಂಥ ಕೈ ಇಡುವಂತಿರಲಿಲ್ಲ.

"ನೀನ ಮುಗಸವ್ವಾ," ಅಂದೆ. "ಇವತ್ತೊಂದು ದಿನ."

"ಯಾರರ ಒಬ್ರು ಹಚ್ಚ್ರಿ ಮಾರಾಯ್ರ," ಅಂದರು ಯಜಮಾನರು. "ಬಾಯಿ ತಗದು ತಗದು ದವಡಿ ನೋಯಾಕತ್ತೇತಿ."

ಆಕೆ ಸಿಮೆಂಟು ಕಲಸಿದಳು. ನಾನು ನೋಡುತ್ತ ನಿಂತೆ.